ಬೆಚ್ಚಗಿನ ಕಡಲಿನ ಮೇಲೆ ಶೀತ ಮುಖ: ಚಳಿ ಕರಗಿದ ಮೇಲೂ ಗಾಳಿ ಏಕೆ ನಿಲ್ಲುವುದಿಲ್ಲ?

ಪಾಂಡವಪುರದ ಕಬ್ಬು ಬೆಳೆಗಾರ

ವೇದಿಕೆಯ ಎಲ್ಲರಿಗೂ ನಮಸ್ಕಾರ. ನನ್ನ ಕಿರಿಯ ಮಗ ತೈಲ ಸಾಗಿಸುವ ಹಡಗೊಂದರ ಎಂಜಿನ್ ವಿಭಾಗದಲ್ಲಿದ್ದಾನೆ. ಹಡಗು ಅಮೆರಿಕದ ಹ್ಯೂಸ್ಟನ್ ಬಂದರಿನಲ್ಲಿ ಸರಕು ತುಂಬಿಕೊಂಡು, ಮೆಕ್ಸಿಕೋ ಕೊಲ್ಲಿಯನ್ನು ದಾಟಿ ಪನಾಮಾ ಕಾಲುವೆಯ ಕಡೆಗೆ ಹೊರಟಿದೆ. ಹೊರಡುವ ಮುನ್ನ ಅವನು ಅಲ್ಲಿನ ಹವಾಮಾನ ಪ್ರಕಟಣೆಯನ್ನು ನನ್ನ ಮೊಬೈಲಿಗೆ ಕಳುಹಿಸಿ, "ಹಿಂದಿನಿಂದ ಕೋಲ್ಡ್ ಫ್ರಂಟ್ ಬರುತ್ತಿದೆ, ಹಡಗು ಸ್ವಲ್ಪ ಹೊಯ್ದಾಡುತ್ತದೆ, ಅಮ್ಮನಿಗೆ ಹೇಳಬೇಡ ಅಪ್ಪಾ" ಎಂದು ಬರೆದಿದ್ದಾನೆ. ಪ್ರಕಟಣೆಯಲ್ಲಿ ಉತ್ತರದ ಗಾಳಿ 30ರಿಂದ 35 ನಾಟ್ (ಗಂಟೆಗೆ ಸುಮಾರು 55ರಿಂದ 65 ಕಿಲೋಮೀಟರ್), ಅಲೆ 12ರಿಂದ 16 ಅಡಿ ಎಂದಿದೆ. ಆ ಕೊಲ್ಲಿಯ ದಕ್ಷಿಣ ಭಾಗದ ನೀರು ಚಳಿಗಾಲದಲ್ಲಿಯೂ 25 ಡಿಗ್ರಿಯಷ್ಟು ಬೆಚ್ಚಗಿರುತ್ತದೆಂದು ಅವನೇ ಹಿಂದೊಮ್ಮೆ ಹೇಳಿದ್ದ. ಅಷ್ಟು ಬಿಸಿ ನೀರಿನ ಮೇಲೆ ಶೀತ ಗಾಳಿ ಉಳಿಯುವುದು ಹೇಗೆ? ಉಳಿಯದಿದ್ದರೆ ಇಷ್ಟು ಎತ್ತರದ ಅಲೆ ಏಳುವುದು ಏಕೆ? ಡಿಸೆಂಬರಿನಲ್ಲಿ ಮೈಸೂರು, ಮಂಡ್ಯದಲ್ಲಿ ನಾವು ಅನುಭವಿಸುವ ಚಳಿಯೂ ಇದೇ ಜಾತಿಯದ್ದೇ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹಡಗಿನ ಹಳಬ, ಕುವೆಂಪುನಗರ

ಯಜಮಾನರೇ, ನಾನು ಸರಕು ಹಡಗುಗಳ ಡೆಕ್ ವಿಭಾಗದಲ್ಲಿ ದುಡಿದು ನಿವೃತ್ತನಾಗಿ ಮೈಸೂರಿಗೆ ಬಂದು ನೆಲೆಸಿದವನು. ಆ ಕೊಲ್ಲಿಯಲ್ಲಿ ಚಳಿಗಾಲ ಕಳೆದಿರುವುದರಿಂದ ಉತ್ತರಿಸುವ ಧೈರ್ಯ ಮಾಡುತ್ತಿದ್ದೇನೆ.

ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಉತ್ತರ ಅಮೆರಿಕದ ಒಳನಾಡಿನಿಂದ ತಣ್ಣನೆಯ, ಒಣಗಿದ, ಭಾರವಾದ ಗಾಳಿಯ ರಾಶಿಗಳು ಮೇಲಿಂದ ಮೇಲೆ ತೆಂಕಣಕ್ಕೆ ಇಳಿಯುತ್ತವೆ. ಆ ರಾಶಿಯ ಮುಂಭಾಗದ ಅಂಚೇ ಶೀತ ಮುಖ, ನಿಮ್ಮ ಮಗ ಬರೆದ 'ಕೋಲ್ಡ್ ಫ್ರಂಟ್'. ಹವಾಮಾನದ ನಕ್ಷೆಯಲ್ಲಿ ಅದನ್ನು ತ್ರಿಕೋನಗಳ ಸಾಲಿರುವ ನೀಲಿ ಗೆರೆಯಾಗಿ ಬರೆಯುತ್ತಾರೆ. ರಾಕಿ ಪರ್ವತಗಳ ಪೂರ್ವಕ್ಕಿರುವ ಬಯಲಿನಲ್ಲಿ ಅದನ್ನು ಅಡ್ಡಗಟ್ಟುವ ಬೆಟ್ಟಸಾಲು ಒಂದೂ ಇಲ್ಲದ ಕಾರಣ ಅದು ನೇರವಾಗಿ ಟೆಕ್ಸಾಸ್ ದಾಟಿ ಕಡಲಿಗೆ ಬೀಳುತ್ತದೆ. ಮೆಕ್ಸಿಕೋ ದೇಶದವರು ಪ್ರತಿ ಋತುವಿನಲ್ಲಿ ಈ ಮುಖಗಳಿಗೆ ಒಂದು, ಎರಡು, ಮೂರು ಎಂದು ಕ್ರಮಸಂಖ್ಯೆ ಕೊಡುತ್ತಾ ಹೋಗುತ್ತಾರೆ, ಕ್ಯೂಬಾದವರೂ ಹಾಗೆಯೇ ಎಣಿಸುತ್ತಾರೆ. ಮುಖದ ಹಿಂದಿನಿಂದ ಬೀಸುವ ಉತ್ತರದ ಗಾಳಿಗೆ ವೆರಾಕ್ರೂಸ್ ಬಂದರಿನಲ್ಲಿ 'ನಾರ್ಟೆ' ಎಂಬ ಹೆಸರಿದೆ. ಜೋರಾದ ನಾರ್ಟೆ ಬೀಸುವಾಗ ಆ ಬಂದರಿನ ಬಾಗಿಲನ್ನೇ ಮುಚ್ಚುತ್ತಾರೆ.

ಹಡಗಿನ ಮೇಲೆ ನಿಂತವನಿಗೆ ಇದು ಹೀಗೆ ತಿಳಿಯುತ್ತದೆ. ಮುಖ ಬರುವ ಹಿಂದಿನ ದಿನ ಆಗ್ನೇಯದಿಂದಲೋ ದಕ್ಷಿಣದಿಂದಲೋ ಬೆವರು ಒಣಗಲು ಬಿಡದಂತಹ ಗಾಳಿ ಬೀಸುತ್ತದೆ, ವಾಯುಭಾರಮಾಪಕ ಇಳಿಯುತ್ತಾ ಹೋಗುತ್ತದೆ. ಬಳಿಕ ವಾಯವ್ಯದ ಅಂಚಿನಲ್ಲಿ ಕಪ್ಪು ಮೋಡದ ಸಾಲು ಕಾಣಿಸಿಕೊಂಡು, ಗಾಳಿ ನೈಋತ್ಯಕ್ಕೂ ಪಶ್ಚಿಮಕ್ಕೂ ತಿರುಗಿ, ಅರ್ಧ ಗಂಟೆಯ ಬಿರುಮಳೆ ಮುಗಿಯುತ್ತಿದ್ದಂತೆಯೇ ಒಮ್ಮೆಗೇ ಉತ್ತರಕ್ಕೆ ಹಾರುತ್ತದೆ. ಆಮೇಲೆ ಮಾಪಕ ಏರುತ್ತದೆ, ಆಕಾಶ ತೊಳೆದಂತೆ ತಿಳಿಯಾಗುತ್ತದೆ. ಹೊಸಬರು ಅಪಾಯ ಕಳೆಯಿತೆಂದು ಭಾವಿಸುವುದು ಇಲ್ಲಿಯೇ. ಆದರೆ ಜೋರಾದ ಗಾಳಿ ಬೀಸುವುದು ಮಳೆಯ ಹೊತ್ತಿನಲ್ಲಲ್ಲ, ಮಳೆ ಹೋದ ನಂತರ, ಬಿಸಿಲಿನಲ್ಲಿ. ಮಾಪಕ ಎಷ್ಟು ವೇಗವಾಗಿ ಏರುತ್ತದೆಯೋ ಗಾಳಿ ಅಷ್ಟು ಬಿರುಸಾಗಿರುತ್ತದೆ ಎಂದು ನಮ್ಮ ಹಿರಿಯ ಅಧಿಕಾರಿಗಳು ಹೇಳುತ್ತಿದ್ದರು, ಆ ಮಾತು ಸರಿಯಾದದ್ದೇ.

ನಿಮ್ಮ ಮಗನ ಹಡಗು ಆಗ್ನೇಯ ದಿಕ್ಕಿಗೆ ಸಾಗುತ್ತಿರುವುದರಿಂದ ಉತ್ತರದ ಗಾಳಿ ಎಡ ಹಿಂಬದಿಯಿಂದ ಬಡಿಯುತ್ತದೆ. ಎದುರಲೆಗಿಂತ ಇದರಲ್ಲಿ ಹೊಡೆತ ಕಡಿಮೆಯಾದರೂ ಹೊರಳಾಟ ಹೆಚ್ಚು, ಹಡಗನ್ನು ದಾರಿಯಲ್ಲಿ ನೇರವಾಗಿ ನಿಲ್ಲಿಸುವುದೂ ಕಷ್ಟ. ಖಾಲಿ ಹಡಗಾಗಿದ್ದರೆ ಹಿಂಭಾಗ ಮೇಲೆದ್ದಾಗ ಪ್ರೊಪೆಲರ್ ನೀರಿನ ಹಿಡಿತ ತಪ್ಪಿ ಒಮ್ಮೆಗೇ ವೇಗವಾಗಿ ತಿರುಗುತ್ತದೆ. ಎಂಜಿನ್ ಕೋಣೆಯವರಿಗೆ ಅದೇ ದೊಡ್ಡ ತಲೆನೋವು. ಸರಕು ತುಂಬಿದ ಹಡಗು ಆಳಕ್ಕೆ ಕುಳಿತಿರುವುದರಿಂದ ಆ ತೊಂದರೆ ಅಷ್ಟಿರುವುದಿಲ್ಲ. ಹೊಯ್ದಾಟ ಖಂಡಿತ ಇದ್ದೇ ಇರುತ್ತದೆ. ಆದರೆ ತೈಲದ ಹಡಗುಗಳನ್ನು ಇದಕ್ಕಿಂತ ಕೆಟ್ಟ ಕಡಲಿಗೂ ತಾಳುವಂತೆ ಕಟ್ಟಿರುತ್ತಾರೆ.

ಮಾನಸಗಂಗೋತ್ರಿಯ ವಿದ್ಯಾರ್ಥಿನಿ

ಹಿರಿಯರು ಕಡಲಿನ ಅನುಭವವನ್ನು ಬರೆದಿದ್ದಾರೆ, ನಾನು ಭೌತವಿಜ್ಞಾನ ಓದುತ್ತಿರುವುದರಿಂದ "ಚಳಿ ಉಳಿಯುವುದು ಹೇಗೆ" ಎಂಬ ಭಾಗಕ್ಕೆ ಉತ್ತರಿಸಲು ಯತ್ನಿಸುತ್ತೇನೆ.

ಚಳಿ ಉಳಿಯುವುದಿಲ್ಲ ಎಂಬುದೇ ನೇರವಾದ ಉತ್ತರ. ಒಣಗಿದ ತಣ್ಣನೆಯ ಗಾಳಿ ಬೆಚ್ಚಗಿನ ನೀರಿನ ಮೇಲೆ ಬಂದಾಗ ಕಡಲು ಅದಕ್ಕೆ ಎರಡು ಬಗೆಯಲ್ಲಿ ಶಾಖ ಕೊಡುತ್ತದೆ. ನೀರು ನೇರವಾಗಿ ಗಾಳಿಯನ್ನು ಬಿಸಿ ಮಾಡುವುದು ಒಂದು, ನೀರು ಆವಿಯಾಗಿ ಗುಪ್ತೋಷ್ಣವನ್ನು (ಆವಿಯೊಳಗೆ ಅಡಗಿರುವ ಶಾಖವನ್ನು) ಗಾಳಿಗೆ ಸಾಗಿಸುವುದು ಇನ್ನೊಂದು. ಉಷ್ಣವಲಯದಲ್ಲಿ ಎರಡನೆಯದರ ಪಾಲೇ ದೊಡ್ಡದು. ಟೆಕ್ಸಾಸ್‌ನಲ್ಲಿ ನಡುಕ ಹುಟ್ಟಿಸಿದ ಗಾಳಿ ಕೊಲ್ಲಿಯ ದಕ್ಷಿಣ ದಡದ ಯುಕಟಾನ್ ಮುಟ್ಟುವ ಹೊತ್ತಿಗೆ ನಮ್ಮೂರಿನ ಜನವರಿಯ ಬೆಳಗಿನ ಗಾಳಿಯಷ್ಟೇ ಹಿತವಾಗಿರಬಹುದು. ಇನ್ನೂ ದಕ್ಷಿಣಕ್ಕೆ, ಕೆರಿಬಿಯನ್ ಸಮುದ್ರದ ಮೇಲೆ, ಮುಖದ ಆಚೆ ಈಚೆ ಉಷ್ಣಾಂಶದ ವ್ಯತ್ಯಾಸವೇ ಅಳಿಸಿಹೋಗಿರುತ್ತದೆ. ಆಗ ಅದನ್ನು ಪತ್ತೆ ಹಚ್ಚಲು ಉಷ್ಣಮಾಪಕ ಪ್ರಯೋಜನಕ್ಕೆ ಬರುವುದಿಲ್ಲ. ತೇವಾಂಶ ಎಲ್ಲಿ ತಟ್ಟನೆ ಇಳಿಯುತ್ತದೆ, ಗಾಳಿ ಎಲ್ಲಿ ದಿಕ್ಕು ಬದಲಿಸಿ ಬಿರುಸಾಗುತ್ತದೆ ಎಂಬುದನ್ನೇ ನೋಡಬೇಕಾಗುತ್ತದೆ. ಹವಾಮಾನ ತಜ್ಞರು ಆ ಘಟ್ಟದಲ್ಲಿ ಅದನ್ನು ಮುಖವೆಂದು ಕರೆಯುವುದನ್ನು ಬಿಟ್ಟು 'ಶಿಯರ್ ಲೈನ್' ಎಂದು ಗುರುತಿಸುತ್ತಾರೆ. ಉಪಗ್ರಹದ ಚಿತ್ರದಲ್ಲಿ ಅದು ಎಷ್ಟೋ ಸಲ ನೂರಾರು ಕಿಲೋಮೀಟರ್ ಉದ್ದದ ತೆಳ್ಳನೆಯ ಮೋಡದ ಎಳೆಯಾಗಿ ಕಾಣುತ್ತದೆ.

ಹಾಗಾದರೆ ಗಾಳಿ ಏಕೆ ಉಳಿಯುತ್ತದೆ? ಕಡಲು ಬಿಸಿ ಮಾಡುವುದು ಗಾಳಿಯ ಕೆಳಪದರವನ್ನು. ಹಿಂದೆ ಭೂಖಂಡದ ಮೇಲೆ ಕುಳಿತಿರುವ ಅಧಿಕ ಒತ್ತಡದ ಗುಡ್ಡೆ ಹಾಗೆಯೇ ಇರುತ್ತದೆ, ಮುಂದೆ ಸಮಭಾಜಕದ ಬಳಿಯ ಕಡಿಮೆ ಒತ್ತಡವೂ ಇರುತ್ತದೆ. ಇವೆರಡರ ನಡುವಿನ ಇಳಿಜಾರು ಇರುವವರೆಗೆ ಗಾಳಿ ಬೀಸಲೇಬೇಕು. ಇನ್ನೂ ಒಂದು ಸಂಗತಿಯಿದೆ. ತಳದಲ್ಲಿ ಬಿಸಿಯಾದ ಗಾಳಿ ಮೇಲೇಳುತ್ತದೆ, ಮೇಲಿನ ಪದರದ ವೇಗದ ಗಾಳಿ ಕೆಳಗಿಳಿಯುತ್ತದೆ. ಹೀಗೆ ಕಲಕುವುದರಿಂದ ನೀರಿನ ಮೇಲ್ಮೈಯಲ್ಲಿ ಬೀಸುಗಾಳಿಯ ಬಿರುಸು ಹೆಚ್ಚುತ್ತದೆ. ಒಂದೇ ವೇಗದ ಗಾಳಿಗೆ ತಣ್ಣನೆಯ ನೀರಿಗಿಂತ ಬೆಚ್ಚಗಿನ ನೀರಿನ ಮೇಲೆ ಅಲೆ ಹೆಚ್ಚು ಏಳುವುದಕ್ಕೆ ಈ ಅಸ್ಥಿರತೆಯೂ ಒಂದು ಕಾರಣ.

ಭೂಗೋಳ ಮೇಷ್ಟ್ರು, ಮಂಡ್ಯ

ವಿದ್ಯಾರ್ಥಿನಿಯ ವಿವರಣೆ ಚೆನ್ನಾಗಿದೆ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಮುಖಗಳ ಸಿದ್ಧಾಂತವನ್ನು ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ನಾರ್ವೆಯ ಬರ್ಗನ್ ನಗರದಲ್ಲಿ ವಿಲ್ಹೆಲ್ಮ್ ಬ್ಯರ್ಕ್ನೆಸ್, ಅವರ ಮಗ ಯಾಕೊಬ್ ಮತ್ತು ಸಂಗಡಿಗರು ಬೆಳೆಸಿದರು. ಅದು 60 ಡಿಗ್ರಿ ಅಕ್ಷಾಂಶದ ಅನುಭವದಿಂದ ಹುಟ್ಟಿದ್ದು. ಭೂಮಿ ತಿರುಗುವುದರಿಂದ ಗಾಳಿಗೆ ಸಿಗುವ ಓರೆ ಅಲ್ಲಿ ಬಲವಾಗಿರುವುದರಿಂದ ತಂಪು ಮತ್ತು ಬಿಸಿ ರಾಶಿಗಳು ಎದುರುಬದುರಾಗಿ ದಿನಗಟ್ಟಲೆ ನಿಲ್ಲಬಲ್ಲವು. ಸಮಭಾಜಕದ ಕಡೆಗೆ ಬಂದಂತೆ ಆ ಓರೆ ಕ್ಷೀಣಿಸುವುದರಿಂದ ತಂಪು ರಾಶಿ ನಿಂತಲ್ಲಿ ನಿಲ್ಲದೆ, ಗದ್ದೆಗೆ ಬಿಟ್ಟ ನೀರಿನಂತೆ ತಳದಲ್ಲಿ ತೆಳುವಾಗಿ ಹರಡಿಕೊಳ್ಳುತ್ತದೆ. ಆದ್ದರಿಂದ ಪಠ್ಯಪುಸ್ತಕದ ಶೀತ ಮುಖದ ಚಿತ್ರವನ್ನು ಉಷ್ಣವಲಯದ ಕಡಲಿಗೆ ಹಾಗೆಯೇ ಅಂಟಿಸಲು ಹೋಗಬಾರದು.

ಇನ್ನು ಮೈಸೂರು, ಮಂಡ್ಯದ ಚಳಿಯ ವಿಷಯ. ಅದು ಶೀತ ಮುಖದ ಚಳಿಯಲ್ಲ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಆಕಾಶ ತಿಳಿಯಾಗಿ, ಈಶಾನ್ಯದ ಒಣಗಾಳಿ ಮೆಲ್ಲನೆ ಬೀಸುವಾಗ ನೆಲದ ಶಾಖ ನೇರವಾಗಿ ಮೇಲಕ್ಕೆ ಹಾರಿಹೋಗುತ್ತದೆ. ಬೆಳಗಿನ ಚಳಿಗೆ ಕಾರಣ ಅದು. ಇನ್ನೊಂದು ಬಗೆಯ ಚಳಿಯೂ ನಮಗೆ ಪರಿಚಿತ. 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಸೇರಿದ ಮೇಲೆ ನಮ್ಮಲ್ಲಿ ಮೋಡ ಕವಿದು ಜಿನುಗುಮಳೆ ಹಿಡಿದಾಗ ಹಗಲಿನಲ್ಲಿಯೇ ಸ್ವೆಟರ್ ಹುಡುಕಬೇಕಾಯಿತು. ಅಲ್ಲಿ ಚಳಿ ತಂದದ್ದು ಬಿಸಿಲಿಲ್ಲದ ಹಗಲು. ಉತ್ತರ ಭಾರತದ ಪಶ್ಚಿಮದ ಕ್ಷೋಭೆಗಳ (ಚಳಿಗಾಲದಲ್ಲಿ ಪಶ್ಚಿಮದಿಂದ ಮಳೆ, ಹಿಮ ತರುವ ಕಡಿಮೆ ಒತ್ತಡಗಳ) ಜೊತೆ ಬರುವ ಮುಖಗಳು ನಮ್ಮ ಅಕ್ಷಾಂಶದವರೆಗೆ ಮುಖವಾಗಿ ಇಳಿದು ಬರುವುದಿಲ್ಲ.

ಹೂಟಗಳ್ಳಿ ನಿವಾಸಿ

ಶೀತ ಮುಖವೇ ಬೆಚ್ಚಗಿನ ಕಡಲಿನ ಮೇಲೆ ಬಲಿತು ಚಂಡಮಾರುತವಾಗುವ ಸಾಧ್ಯತೆ ಇದೆಯೇ?

ಭೂಗೋಳ ಮೇಷ್ಟ್ರು, ಮಂಡ್ಯ

ನೇರವಾಗಿ ಇಲ್ಲ. ಚಂಡಮಾರುತಕ್ಕೆ ಸುಮಾರು 26.5 ಡಿಗ್ರಿ ಅಥವಾ ಅದಕ್ಕಿಂತ ಬಿಸಿಯಾದ ನೀರು ಬೇಕು, ಅದರ ನಡುವೆ ಬೆಚ್ಚಗಿನ ಗಾಳಿ ಇರುತ್ತದೆ, ಅದಕ್ಕೆ ಬಲ ಬರುವುದು ಆವಿಯಿಂದ. ಶೀತ ಮುಖಕ್ಕೆ ಬಲ ಬರುವುದು ಎರಡು ರಾಶಿಗಳ ಉಷ್ಣಾಂಶದ ಅಂತರದಿಂದ. ಆದರೆ ಸತ್ತುಹೋದ ಮುಖದ ಬಾಲ ಬೆಚ್ಚಗಿನ ಕಡಲಿನ ಮೇಲೆ ಕೆಲವು ದಿನ ಬಿದ್ದುಕೊಂಡರೆ, ಅಲ್ಲಿ ಸುಳಿಗಾಳಿಯೊಂದು ಕುಡಿಯೊಡೆಯುವುದುಂಟು.

ಇದಕ್ಕಿಂತ ವಿಚಿತ್ರವಾದ ಉದಾಹರಣೆ 2001ರ ಡಿಸೆಂಬರಿನ 'ವಾಮೈ'. ಸೈಬೀರಿಯಾ ಮತ್ತು ಚೀನಾದ ಕಡೆಯಿಂದ ಹೊರಟ ಶೀತ ಗಾಳಿಯ ಒತ್ತರ ದಕ್ಷಿಣ ಚೀನಾ ಸಮುದ್ರದ ಉದ್ದಕ್ಕೂ ನುಗ್ಗಿ, ಬೋರ್ನಿಯೋ ದ್ವೀಪದ ಪಕ್ಕದ ಸುಳಿಯೊಂದಿಗೆ ಸೇರಿತು. ಸಮಭಾಜಕದಿಂದ ಕೇವಲ ಒಂದೂವರೆ ಡಿಗ್ರಿಯಷ್ಟು ಉತ್ತರಕ್ಕೆ ಚಂಡಮಾರುತವೆದ್ದು ಸಿಂಗಪುರದ ಸಮೀಪ ಮಲೇಷ್ಯಾದ ಜೊಹೊರ್ ಪ್ರಾಂತ್ಯವನ್ನು ಡಿಸೆಂಬರ್ 27ರಂದು ಹೊಕ್ಕಿತು. ಸಮಭಾಜಕದ ಅಷ್ಟು ಹತ್ತಿರ ಚಂಡಮಾರುತ ಹುಟ್ಟದು ಎಂದು ನಾವು ತರಗತಿಯಲ್ಲಿ ಹೇಳಿಕೊಡುತ್ತಿದ್ದ ಪಾಠಕ್ಕೆ ಅಂದಿನಿಂದ ಒಂದು ಅಡಿಟಿಪ್ಪಣಿ ಸೇರಿಕೊಂಡಿದೆ.

ಹಡಗಿನ ಹಳಬ, ಕುವೆಂಪುನಗರ

ಮೇಷ್ಟ್ರು ಹೇಳಿದ ದಕ್ಷಿಣ ಚೀನಾ ಸಮುದ್ರದಲ್ಲಿಯೂ ನಾನು ಸಾಗಿದ್ದೇನೆ. ಆದರೆ ಉಷ್ಣವಲಯದಲ್ಲಿ ಶೀತ ಮುಖದ ನಿಜವಾದ ಕೈಚಳಕ ನೋಡಬೇಕಾದರೆ ಮೆಕ್ಸಿಕೋದ ಶಾಂತಸಾಗರ ತೀರದ ತೆವಾಂಟೆಪೆಕ್ ಕೊಲ್ಲಿಗೆ ಹೋಗಬೇಕು. ಯಜಮಾನರ ಮಗ ಪನಾಮಾ ದಾಟಿ ಶಾಂತಸಾಗರದ ದಡ ಹಿಡಿದು ಉತ್ತರಕ್ಕೆ ಹೋಗುವುದಾದರೆ ಅದು ಅವನ ದಾರಿಯಲ್ಲಿಯೇ ಸಿಗುತ್ತದೆ.

ಮೆಕ್ಸಿಕೋ ಕೊಲ್ಲಿಗೆ ಬಂದು ತುಂಬಿಕೊಂಡ ತಂಪು ಗಾಳಿಗೆ ದಕ್ಷಿಣದಲ್ಲಿ ಬೆಟ್ಟಸಾಲು ಅಡ್ಡ ನಿಲ್ಲುತ್ತದೆ. ಆ ಸಾಲಿನಲ್ಲಿ ಚಿವೇಲಾ ಎಂಬ ಕಣಿವೆ ಒಂದೇ ದೊಡ್ಡ ಕಂಡಿ. ಉತ್ತರದ ಕಡೆ ಒತ್ತಡ ಏರಿದಂತೆ ಗಾಳಿ ಆ ಕಂಡಿಯಿಂದ ನುಗ್ಗಿ ಶಾಂತಸಾಗರದ ಮೇಲೆ ಬೀಸಣಿಗೆಯ ಆಕಾರದಲ್ಲಿ ಚಾಚಿಕೊಳ್ಳುತ್ತದೆ. 34 ನಾಟ್ ಎಂದರೆ ಗಂಟೆಗೆ 63 ಕಿಲೋಮೀಟರ್, ಅಲ್ಲಿಂದ ಮೇಲಕ್ಕೆ 'ಗೇಲ್'. 48 ನಾಟ್ ದಾಟಿದರೆ 'ಸ್ಟಾರ್ಮ್'. ತೆವಾಂಟೆಪೆಕ್‌ನಲ್ಲಿ ಎರಡನೆಯ ಮಟ್ಟ ಚಳಿಗಾಲದಲ್ಲಿ ಅಪರೂಪವಲ್ಲ. ಮೇಲೆ ನೋಡಿದರೆ ಒಂದು ತುಂಡು ಮೋಡವೂ ಇಲ್ಲದ ನೀಲಿ ಆಕಾಶ. ಗಾಳಿ ಮೇಲ್ಪದರದ ಬಿಸಿ ನೀರನ್ನು ತಳ್ಳಿಕೊಂಡು ಹೋಗಿ, ಆಳದ ತಣ್ಣೀರನ್ನು ಮೇಲಕ್ಕೆ ತರುವುದರಿಂದ ಅಲ್ಲಿನ ಕಡಲೇ ಹಲವು ಡಿಗ್ರಿ ತಂಪಾಗುತ್ತದೆ. ಕಡಲು ಗಾಳಿಯನ್ನು ಬಿಸಿ ಮಾಡುತ್ತದೆ ಎಂದು ವಿದ್ಯಾರ್ಥಿನಿ ಬರೆದರಲ್ಲ, ಇಲ್ಲಿ ಗಾಳಿಯೂ ಕಡಲನ್ನು ಬಿಡುವುದಿಲ್ಲ. ಚಿಕ್ಕ ದೋಣಿಯವರು ಅಲ್ಲಿ ಕೊಲ್ಲಿಯನ್ನು ನೇರ ದಾಟದೆ ದಡಕ್ಕೆ ಅಂಟಿಕೊಂಡಂತೆ ಸುತ್ತಿ ಹೋಗುತ್ತಾರೆ. ದಡದ ಬಳಿ ಗಾಳಿ ಅಷ್ಟೇ ಇದ್ದರೂ ಅಲೆ ಬೆಳೆಯಲು ಹರವು ಸಾಲದು.

ಫ್ಲೋರಿಡಾ ಬಳಿ ಬೇರೆಯದೇ ತೊಂದರೆಯಿದೆ. ಅಲ್ಲಿ ಬಿಸಿನೀರಿನ ಪ್ರವಾಹ ಉತ್ತರಕ್ಕೆ ಹರಿಯುತ್ತದೆ. ಅದಕ್ಕೆ ಎದುರಾಗಿ ಉತ್ತರದ ಗಾಳಿ ಬೀಸಿದರೆ ಅಲೆಗಳು ಕುಗ್ಗಿ, ಕಡಿದಾಗಿ, ಗೋಡೆಯಂತೆ ನಿಲ್ಲುತ್ತವೆ. ಗಾಳಿ ಜೋರಿಲ್ಲದಿದ್ದರೂ ಅಲ್ಲಿ ನಾವು ಎಚ್ಚರದಿಂದಿರುತ್ತಿದ್ದೆವು.

ಶ್ರೀರಂಗಪಟ್ಟಣದ ನಾಲೆ ಬಯಲಿನ ರೈತ

ಎಲ್ಲವನ್ನೂ ಆಸಕ್ತಿಯಿಂದ ಓದಿದೆ. ಆದರೆ ಕೊಡಗಿನಲ್ಲಿ ಮಳೆ ಬಿದ್ದು ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದರೆ ಸಾಕು ಎನ್ನುವ ನಮ್ಮಂಥವರಿಗೆ ಈ ಶೀತ ಮುಖಗಳಿಂದ ಆಗಬೇಕಾದದ್ದು ಏನಾದರೂ ಇದೆಯೇ, ಸ್ವಾಮಿ?

ಹಡಗಿನ ಹಳಬ, ಕುವೆಂಪುನಗರ

ಇದೆ ಎಂದೇ ನನ್ನ ಅಭಿಪ್ರಾಯ. ನಮ್ಮ ಮುಂಗಾರಿನ ಗಾಳಿ ಹೊರಡುವುದು ದಕ್ಷಿಣ ಗೋಳಾರ್ಧದ ಮಾಸ್ಕರೀನ್ ಅಧಿಕ ಒತ್ತಡದಿಂದ, ಅಂದರೆ ಮಾರಿಷಸ್, ರಿಯೂನಿಯನ್ ದ್ವೀಪಗಳ ದಕ್ಷಿಣದ ಕಡಲಿನಿಂದ. ನಮ್ಮ ಜೂನ್, ಜುಲೈ ಅಲ್ಲಿ ಚಳಿಗಾಲ. ಆಫ್ರಿಕಾದ ತುದಿಯನ್ನು ದಾಟಿ ಬರುವ ಶೀತ ಮುಖಗಳ ಹಿಂದಿನ ತಂಪು ಗಾಳಿ ಆ ಅಧಿಕ ಒತ್ತಡಕ್ಕೆ ಸೇರಿಕೊಂಡಾಗ ಅದು ಬಲಗೊಳ್ಳುತ್ತದೆ, ಆಗ್ನೇಯದ ವಾಣಿಜ್ಯ ಮಾರುತ ಬಿರುಸಾಗುತ್ತದೆ. ಆ ಗಾಳಿ ಕೀನ್ಯಾ ತೀರದ ಬಳಿ ಸಮಭಾಜಕ ದಾಟಿ, ಸೊಮಾಲಿಯಾ ಪಕ್ಕದಲ್ಲಿ ತಿರುಗಿ, ಅರಬ್ಬಿ ಸಮುದ್ರದ ಆವಿಯನ್ನು ಹೊತ್ತು ಪಶ್ಚಿಮ ಘಟ್ಟಕ್ಕೆ ಬಡಿಯುತ್ತದೆ. ಅಲ್ಲಿ ಮುಖಗಳು ಹಾದುಹೋದ ಕೆಲವು ದಿನಗಳಿಗೆ ಅರಬ್ಬಿ ಸಮುದ್ರದಲ್ಲಿ ನೈಋತ್ಯದ ಗಾಳಿ ಏರುವುದನ್ನು ಹಡಗಿನವರು ಗಮನಿಸಿಯೇ ಇರುತ್ತಾರೆ. ಆದ್ದರಿಂದ ತಲಕಾವೇರಿಯ ಮಳೆಯ ಬೇರು ಅಲ್ಲಿಯವರೆಗೆ ಚಾಚಿದೆ ಎಂದರೆ ತಪ್ಪಾಗದು.

ಭೂಗೋಳ ಮೇಷ್ಟ್ರು, ಮಂಡ್ಯ

ಕ್ಯಾಪ್ಟನ್ ಸಾಹೇಬರು ಹೇಳಿದ ಗಾಳಿಯ ದಾರಿಯನ್ನು ಒಪ್ಪುತ್ತೇನೆ. ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಹರಿಯುವ ಆ ಸೊಮಾಲಿ ಗಾಳಿಹೊಳೆಯನ್ನು ಜಾನ್ ಫಿಂಡ್ಲೇಟರ್ ಎಂಬ ಬ್ರಿಟಿಷ್ ಹವಾಮಾನ ತಜ್ಞ 1960ರ ದಶಕದ ಕೊನೆಯಲ್ಲಿ ವಿವರವಾಗಿ ಗುರುತಿಸಿದರು. ದಕ್ಷಿಣದ ಒತ್ತರಗಳಿಂದ ಅದು ಏರಿಳಿಯುತ್ತದೆ ಎಂಬುದೂ ಅಧ್ಯಯನಗಳಲ್ಲಿ ಕಂಡುಬಂದ ಸಂಗತಿಯೇ. ನನ್ನ ಆಕ್ಷೇಪ ಬೇರೆಡೆ ಇದೆ. "ಅಲ್ಲಿ ಮುಖ ಹಾದುಹೋಯಿತು, ಇನ್ನು ಇಷ್ಟು ದಿನಕ್ಕೆ ಕಟ್ಟೆಗೆ ಒಳಹರಿವು ಏರುತ್ತದೆ" ಎಂದು ರೈತರು ನಾಟಿಯ ಲೆಕ್ಕ ಹಾಕಲು ಹೊರಟರೆ ಅದು ಅಪಾಯಕಾರಿ. ಕೊಡಗಿನ ಮಳೆಯನ್ನು ನಿರ್ಧರಿಸುವುದು ಗಾಳಿಯ ಬಿರುಸೊಂದೇ ಅಲ್ಲ. ನಮ್ಮ ಕರಾವಳಿಯ ಉದ್ದಕ್ಕೂ ಕಡಿಮೆ ಒತ್ತಡದ ಪಟ್ಟಿ ಏರ್ಪಟ್ಟಿದೆಯೇ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿದೆಯೇ, ಮುಂಗಾರು ರೇಖೆ (ಉತ್ತರ ಭಾರತದ ಮೇಲಿನ ಕಡಿಮೆ ಒತ್ತಡದ ಪಟ್ಟಿ) ಹಿಮಾಲಯದ ತಪ್ಪಲಿಗೆ ಸರಿದು ವಿರಾಮ ಕೊಟ್ಟಿದೆಯೇ ಎಂಬುದೆಲ್ಲ ಸೇರುತ್ತದೆ. ಗಾಳಿ ಜೋರಾಗಿದ್ದೂ ಮಳೆ ಕೈಕೊಟ್ಟ ಜುಲೈಗಳನ್ನು ನಾಲೆ ಬಯಲಿನವರು ಕಂಡಿದ್ದಾರೆ.

ಹಡಗಿನ ಹಳಬ, ಕುವೆಂಪುನಗರ

ನಾಟಿಯ ಲೆಕ್ಕಕ್ಕೆ ಬೇಡ ಎಂಬುದನ್ನು ಒಪ್ಪಿದೆ, ಮೇಷ್ಟ್ರೇ. ಗಾಳಿಯ ಲೆಕ್ಕವನ್ನು ಮಾತ್ರ ನಾನು ಬಿಟ್ಟುಕೊಡಲಾರೆ.

ಮಾನಸಗಂಗೋತ್ರಿಯ ವಿದ್ಯಾರ್ಥಿನಿ

ದಕ್ಷಿಣದ ಬಿರುಗಾಳಿಗಳು ನಮ್ಮ ತೀರಕ್ಕೆ ಇನ್ನೂ ನೇರವಾಗಿ ಮುಟ್ಟುವ ದಾರಿಯೊಂದಿದೆ, ಅದು ಅಲೆಯ ದಾರಿ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಎದ್ದ ಅಲೆಗಳು ಗಾಳಿ ನಿಂತ ಮೇಲೂ ಸಾವಿರಾರು ಕಿಲೋಮೀಟರ್ ಸಾಗುತ್ತವೆ. ಹೀಗೆ ದೂರದಿಂದ ಬರುವ ಅಲೆಯನ್ನು 'ಸ್ವೆಲ್' ಎನ್ನುತ್ತಾರೆ. ಒಂದು ಅಲೆಯ ನೆತ್ತಿಯಿಂದ ಮುಂದಿನ ನೆತ್ತಿ ಬರಲು 16 ಸೆಕೆಂಡ್ ಹಿಡಿಯುವ ಅಲೆಗಳ ಗುಂಪು ಆಳಕಡಲಿನಲ್ಲಿ ಸೆಕೆಂಡಿಗೆ ಸುಮಾರು 12.5 ಮೀಟರ್ ವೇಗದಲ್ಲಿ, ಅಂದರೆ ದಿನಕ್ಕೆ ಸಾವಿರ ಕಿಲೋಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ಹಾಗಾಗಿ ಅಲ್ಲಿನ ಬಿರುಗಾಳಿಯ ಅಲೆ ಒಂದು ವಾರದೊಳಗೆ ಕೇರಳದ ತೀರ ಮುಟ್ಟಬಲ್ಲದು. ಗಾಳಿಯೂ ಇಲ್ಲದೆ, ಮೋಡವೂ ಇಲ್ಲದೆ ಕಡಲು ಮನೆಯಂಗಳಕ್ಕೆ ನುಗ್ಗುವುದನ್ನು ಅಲ್ಲಿನ ಮೀನುಗಾರರು 'ಕಳ್ಳಕ್ಕಡಲ್' ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ.

ಚಳಿಗಾಲದಲ್ಲಿ ಇದರ ತಿರುವುಮುರುವು ನಡೆಯುತ್ತದೆ. ಪರ್ಷಿಯನ್ ಕೊಲ್ಲಿಯ ಕಡೆ ಮುಖವೊಂದು ಹಾದುಹೋದ ಮೇಲೆ 'ಶಮಾಲ್' ಎಂಬ ವಾಯವ್ಯದ ಗಾಳಿ ಬೀಸುತ್ತದೆ. ಅದು ಎಬ್ಬಿಸಿದ ಸ್ವೆಲ್ ಅರಬ್ಬಿ ಸಮುದ್ರವನ್ನು ದಾಟಿ ನಮ್ಮ ಪಶ್ಚಿಮ ಕರಾವಳಿಗೂ ತಲುಪುತ್ತದೆ. ಸಾಗರದ ಮೇಲಿನ ಗಾಳಿಯನ್ನು ಅಳೆಯಲು 2022ರ ನವೆಂಬರಿನಲ್ಲಿ ಹಾರಿಸಿದ ನಮ್ಮದೇ ಓಷನ್‌ಸ್ಯಾಟ್-3 ಉಪಗ್ರಹದಲ್ಲಿ ರಾಡಾರ್ ಉಪಕರಣವಿದೆ. ನೀರಿನ ಮೇಲಿನ ಕಿರು ತೆರೆಗಳಿಂದ ಹಿಂದಿರುಗುವ ಸಂಕೇತವನ್ನು ನೋಡಿ ಅದು ಗಾಳಿಯ ವೇಗ ಮತ್ತು ದಿಕ್ಕನ್ನು ಲೆಕ್ಕ ಹಾಕುತ್ತದೆ. ಹಡಗುಗಳಿಲ್ಲದ ಕಡೆ ಶಿಯರ್ ಲೈನ್ ಎಲ್ಲಿದೆಯೆಂದು ತಿಳಿಯುವುದು ಹೆಚ್ಚಾಗಿ ಇಂಥ ಉಪಕರಣಗಳಿಂದಲೇ.

ಪಾಂಡವಪುರದ ಕಬ್ಬು ಬೆಳೆಗಾರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ತಾಯಿ, ನಿಮ್ಮ ಸೆಕೆಂಡಿನ ಲೆಕ್ಕ ಓದಿದ ಮೇಲೆ ಪ್ರಕಟಣೆಯನ್ನು ಮತ್ತೆ ನೋಡಿದೆ, ಅಲ್ಲಿ ಅಲೆಯ ಎತ್ತರ ಮಾತ್ರ ಇದೆ. ಕ್ಯಾಪ್ಟನ್ ಸಾಹೇಬರೇ, 12ರಿಂದ 16 ಅಡಿ ಎಂದರೆ ಅದಕ್ಕಿಂತ ಎತ್ತರದ ಅಲೆ ಬರುವುದೇ ಇಲ್ಲವೆಂದು ತಿಳಿಯಬಹುದೇ? ಕೆರಿಬಿಯನ್‌ಗೆ ಇಳಿದ ಮೇಲೆ ನೆಮ್ಮದಿಯೇ?

ಹಡಗಿನ ಹಳಬ, ಕುವೆಂಪುನಗರ

ಹಾಗೆ ತಿಳಿಯಬಾರದು. ಪ್ರಕಟಣೆಯಲ್ಲಿ ಕೊಡುವ ಎತ್ತರ ಎಲ್ಲ ಅಲೆಗಳ ಪೈಕಿ ಎತ್ತರದ ಮೂರನೇ ಒಂದು ಭಾಗದ ಸರಾಸರಿ. 16 ಅಡಿ ಎಂದಿರುವ ಕಡಲಿನಲ್ಲಿ ಆಗೊಮ್ಮೆ ಈಗೊಮ್ಮೆ ಅದರ ಇಮ್ಮಡಿಗೆ ಸಮೀಪದ ಅಲೆಯೂ ಏಳಬಹುದು. ನೀವು ಕೇಳಿದ ಸೆಕೆಂಡಿನ ಲೆಕ್ಕ ಅದಕ್ಕಿಂತ ಮುಖ್ಯ. ಹೊಸದಾಗಿ ಬೀಸಿದ ಉತ್ತರದ ಗಾಳಿಯ ಅಲೆ ಸುಮಾರು 8 ಸೆಕೆಂಡಿನದಾದರೆ ಅದರ ಉದ್ದ ನೂರು ಮೀಟರ್, ಅದೇ 16 ಸೆಕೆಂಡಿನ ಸ್ವೆಲ್ ಆದರೆ ನಾನೂರು ಮೀಟರ್. ಎತ್ತರ ಒಂದೇ ಆದರೂ ಮೊದಲನೆಯದು ಕಡಿದು, ಎರಡನೆಯದು ಹಡಗನ್ನು ನಿಧಾನವಾಗಿ ಎತ್ತಿ ಇಳಿಸುವಂಥದ್ದು. ಚಿಕ್ಕ ದೋಣಿಗಳಿಗೆ ಪ್ರಾಣಸಂಕಟ ತರುವುದು ಮೊದಲನೆಯದು.

ಕೆರಿಬಿಯನ್ ಬಗ್ಗೆ ಹೇಳುವುದಾದರೆ, ಮುಖ ಅಲ್ಲಿಗೆ ಬರುವಷ್ಟರಲ್ಲಿ ಬಡವಾಗಿರುತ್ತದೆ, ಆದರೆ ಅದರ ಹಿಂದಿನ ಅಧಿಕ ಒತ್ತಡ ಉತ್ತರದಲ್ಲಿ ಕುಳಿತಿರುತ್ತದೆ. ಕೊಲಂಬಿಯಾದ ಮೇಲಿನ ಕಡಿಮೆ ಒತ್ತಡಕ್ಕೂ ಅದಕ್ಕೂ ನಡುವೆ ಈಶಾನ್ಯದ ಗಾಳಿ ಬಿಗಿಯಾಗಿ, ಕೊಲಂಬಿಯಾದ ತೀರದಾಚೆ ರಾತ್ರಿ ಮತ್ತು ಮುಂಜಾನೆ ಗೇಲ್ ಮಟ್ಟಕ್ಕೆ ಏರುವುದುಂಟು. ಪನಾಮಾದ ದಾರಿ ಅದರ ಪಶ್ಚಿಮಕ್ಕಿದೆ, ಆದ್ದರಿಂದ ನಿಮ್ಮ ಮಗನಿಗೆ ಗಾಳಿಗಿಂತ ಅಲ್ಲಿಂದ ಉರುಳಿಬರುವ ಅಲೆಯೇ ಹೆಚ್ಚಾಗಿ ಸಿಗುತ್ತದೆ.

ಆ ಭಾಗದ ಕಡಲಿಗೆ ಪ್ರಕಟಣೆ ಹೊರಡಿಸುವುದು ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರದ ಒಂದು ವಿಭಾಗ, ದಿನಕ್ಕೆ ನಾಲ್ಕು ಬಾರಿ. ನಮ್ಮ ಗಡಿಯಾರದ ಪ್ರಕಾರ ಬೆಳಗಿನ ಜಾವ 4, ಬೆಳಿಗ್ಗೆ 10, ಸಂಜೆ 4 ಮತ್ತು ರಾತ್ರಿ 10ರ ಆಸುಪಾಸಿನಲ್ಲಿ ಹೊಸದು ಬರುತ್ತದೆ. ಅದರೊಳಗೆ ಬರೆದಿರುವ ಹೊತ್ತು ಗ್ರೀನಿಚ್ ಹೊತ್ತು, ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಹ್ಯೂಸ್ಟನ್‌ನ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹನ್ನೊಂದೂವರೆ ಗಂಟೆ ಹಿಂದಿರುವುದರಿಂದ, ಮಗ "ಇವತ್ತು ರಾತ್ರಿ ಗಾಳಿ ಏರುತ್ತದೆ" ಎಂದು ಬರೆದರೆ ಅದು ನಿಮಗೆ ಮರುದಿನದ ಬೆಳಗು. ಪ್ರಕಟಣೆಯಲ್ಲಿ ಮೊದಲು ಎಚ್ಚರಿಕೆಗಳಿರುತ್ತವೆ, ಆಮೇಲೆ ಮುಖ ಎಲ್ಲಿಂದ ಎಲ್ಲಿಗೆ ಚಾಚಿದೆ ಎಂಬ ಅಕ್ಷಾಂಶ ರೇಖಾಂಶ, ಅದರ ನಂತರ ಯಾವ ಭಾಗದಲ್ಲಿ ಎಷ್ಟು ಗಾಳಿ, ಎಷ್ಟು ಅಲೆ ಎಂಬುದು. 24 ಮತ್ತು 48 ಗಂಟೆಗಳ ಸಾಲುಗಳನ್ನು ಹೋಲಿಸಿ ನೋಡಿ. ಗಾಳಿಯ ಅಂಕಿ ಇಳಿದು ಅಲೆಯ ಅಂಕಿ ಹಾಗೆಯೇ ಇದ್ದರೆ ಅಚ್ಚರಿಪಡಬೇಡಿ, ಗಾಳಿ ತಗ್ಗಿದ ಮೇಲೆ ಅಲೆ ಅಡಗಲು ಇನ್ನೂ ಅರ್ಧ ದಿನವಾದರೂ ಬೇಕು.